ಸ್ಯಾಕ್ಸೊಫೋನು ಆಡಿದ ಕನ್ನಡ

ಮಹಾಂತಪ್ಪ ಎಂಬ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. ಸೇಡಂ ಸಂತೆಯಲ್ಲಿ ನಿಂತು ಆ ಹೆಸರು ಹಿಡಿದು ಕೂಗಿದರೆ ನಾಲ್ಕು ಜನರಾದರೂ ತಿರುಗಿ ನೋಡಿಯಾರು. ಆದರೆ ರುದ್ರೇಶ ಮಹಾಂತಪ್ಪ ಎಂಬ ಹೆಸರನ್ನು ಜಾಝ್ ಧ್ವನಿಮುದ್ರಿಕೆಯೊಂದರ ಮೇಲೆ ಮೊದಲ ಬಾರಿಗೆ ಕಂಡಾಗ ನಾನು ಅದನ್ನು ಎರಡು ಸಲ ಓದಿಕೊಂಡೆ. ಧ್ವನಿಮುದ್ರಿಕೆಯ ಹೆಸರು ‘ಮದರ್ ಟಂಗ್’, ಎಂದರೆ ಮಾತೃಭಾಷೆ. ಅದು ಹೊರಬಂದದ್ದು 2004ರಲ್ಲಿ, ಅಮೆರಿಕದಲ್ಲಿ. ಅದರೊಳಗಿನ ಒಂದು ಕೃತಿಯ ಹೆಸರು ‘ಕನ್ನಡ’. ಹಾಡುಗಾರರಿಲ್ಲ, ಸಾಹಿತ್ಯವಿಲ್ಲ. ಇರುವುದು ಒಂದು ಆಲ್ಟೊ ಸ್ಯಾಕ್ಸೊಫೋನು, ಒಂದು ಪಿಯಾನೊ, ಒಂದು ಬಾಸ್, ಒಂದು ಡ್ರಮ್. ಒಂದೇ ಒಂದು ಕನ್ನಡ ಶಬ್ದವೂ ಕಿವಿಗೆ ಬೀಳದ ಕೃತಿಗೆ ಕನ್ನಡವೆಂದು ಹೆಸರಿಡುವ ಅಧಿಕಾರ ಎಲ್ಲಿಂದ ಬಂತು? ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಮುಂದೆ ಹೋಗುವುದು ಸಾಧ್ಯವಾಗಲಿಲ್ಲ.

ರುದ್ರೇಶರು ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್ ನಗರದಲ್ಲಿ. ತಂದೆ ಭೌತಶಾಸ್ತ್ರದ ಪ್ರಾಧ್ಯಾಪಕರು. ಬೆಳೆದದ್ದು ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರಿನಲ್ಲಿ. ಕನ್ನಡ ಮನೆತನದ ಹುಡುಗ, ಸುತ್ತ ಬಿಳಿಯರ ಊರು. ಕಂದು ಬಣ್ಣದವನನ್ನು ಕಂಡರೆ ಆ ದೇಶದ ಜನ ಸಹಜವಾಗಿ ಕೇಳುವ ಪ್ರಶ್ನೆಯೊಂದಿದೆ: “ನೀನು ಇಂಡಿಯನ್ ಮಾತಾಡುತ್ತೀಯಾ?” ಇನ್ನೂ ಸ್ವಲ್ಪ ಓದಿಕೊಂಡವರಾದರೆ, “ಹಿಂದೂ ಮಾತಾಡುತ್ತೀಯಾ?” ಕೇಳುವವನಲ್ಲಿ ದುರುದ್ದೇಶವೇನೂ ಇರಲಾರದು, ಆದರೆ ಆ ಪ್ರಶ್ನೆಗೆ ಹೌದೆಂದರೂ ಸುಳ್ಳು, ಬರಿಯ ಇಲ್ಲವೆಂದರೂ ಸುಳ್ಳು. ರುದ್ರೇಶರು ಮಾಡಿದ್ದಿಷ್ಟು. ಅಮೆರಿಕದಲ್ಲಿ ನೆಲೆಸಿದ ಬೇರೆಬೇರೆ ಭಾಷೆಗಳ ಭಾರತೀಯರ ಮುಂದೆ ಇದೇ ಪ್ರಶ್ನೆಯನ್ನಿಟ್ಟು, ಅವರವರ ಮನೆಮಾತಿನಲ್ಲಿ ಉತ್ತರ ಹೇಳಿಸಿ ಧ್ವನಿಮುದ್ರಿಸಿಕೊಂಡರು. ಆಮೇಲೆ ಆ ಮಾತಿನ ಅರ್ಥವನ್ನು ಬಿಟ್ಟು ಧಾಟಿಯನ್ನಷ್ಟೇ ಹಿಡಿದರು. ಯಾವ ಅಕ್ಷರ ಮೇಲೆ ಏರಿತು, ಯಾವುದು ಕೆಳಗಿಳಿಯಿತು, ಎಲ್ಲಿ ಉಸಿರು ನಿಂತಿತು ಎಂಬುದನ್ನು ಸ್ವರಗಳಲ್ಲಿ ಬರೆದುಕೊಂಡು, ಅದನ್ನೇ ಸ್ಯಾಕ್ಸೊಫೋನಿನ ಪಲ್ಲವಿಯನ್ನಾಗಿ ಮಾಡಿದರು. ‘ಕನ್ನಡ’ದ ಜೊತೆಗೆ ‘ಗುಜರಾತಿ’, ‘ತೆಲುಗು’, ‘ಕೊಂಕಣಿ’, ‘ತಮಿಳು’, ‘ಮಲಯಾಳಂ’ ಇವೆ; ‘ಇಂಗ್ಲಿಷ್’ ಕೂಡ ಇದೆ. ಪಿಯಾನೊ ನುಡಿಸಿದವರು ವಿಜಯ್ ಅಯ್ಯರ್, ಅವರೂ ಅಮೆರಿಕದಲ್ಲೇ ಹುಟ್ಟಿ ಬೆಳೆದ ತಮಿಳು ಮನೆತನದವರು. ಬಾಸ್ ಫ್ರಾನ್ಸ್ವಾ ಮೂತಾಂ ಅವರದು, ಡ್ರಮ್ ಎಲಿಯಟ್ ಹಂಬರ್ಟೊ ಕೇವೀ ಅವರದು.

ಮಾತಿನಿಂದ ಸಂಗೀತ ತೆಗೆಯುವುದು ಜಾಝಿಗೆ ಹೊರಗಿನದೇನೂ ಅಲ್ಲ. ನಮ್ಮ ಪತ್ರಿಕೆಗಳಲ್ಲಿ ಜಾಝ್ ಎಂದರೆ ಹೋಟೆಲಿನ ವಾದ್ಯಗೋಷ್ಠಿ, ಸಿನಿಮಾದಲ್ಲಿ ಖಳನಾಯಕ ಪ್ರವೇಶಿಸುವಾಗ ಕೇಳಿಬರುವ ತುತ್ತೂರಿ ಎಂಬ ಭಾವನೆ ಬಹುಕಾಲ ಇತ್ತು. ಅದು ನಮ್ಮ ತಪ್ಪು ತಿಳಿವಳಿಕೆ. ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದ ಜನರ ಮಕ್ಕಳು ಮೊಮ್ಮಕ್ಕಳು, ಹೊಲದ ಕೂಗನ್ನೂ ದೇವಾಲಯದ ಪ್ರವಚನವನ್ನೂ ಬ್ಯಾಂಡಿನ ತುತ್ತೂರಿಗೆ ಬಾಯಿಪಾಠ ಮಾಡಿಸಿದಾಗ, ಇಪ್ಪತ್ತನೆಯ ಶತಮಾನದ ಮೊದಲಿಗೆ, ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಈ ಸಂಗೀತ ತಲೆಯೆತ್ತಿತು. ವಾದ್ಯ ಅಲ್ಲಿ ಮೊದಲಿನಿಂದಲೂ ಮಾತಾಡುವ ವಾದ್ಯ. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ಕುಣಿತದ ಸಂಗೀತವನ್ನು ಕುಳಿತು ಕೇಳುವ ಸಂಗೀತವನ್ನಾಗಿ ಮಾಡಿದರು. ಆಧುನಿಕ ಜಾಝ್ ಎಂಬುದು ಅಲ್ಲಿಂದ ಮುಂದಿನದು. ಪಾರ್ಕರನ ವೇಗ ಹೆದರಿಕೆ ಹುಟ್ಟಿಸುವಂಥದ್ದು. ಆದರೂ ಗಮನಿಸಿ ಕೇಳಿದರೆ ಆ ವೇಗದಲ್ಲಿಯೂ ಒಬ್ಬ ಚತುರ ಮಾತುಗಾರ ಮಾತಿಗೆ ಮಾತು ಬೆಳೆಸುತ್ತಿರುವ ಲಕ್ಷಣವಿದೆ.

ಈ ಪರಂಪರೆಯ ಬಹು ದೊಡ್ಡ ನಿದರ್ಶನ ಜಾನ್ ಕೋಲ್ಟ್ರೇನನದು. 1964ರ ಡಿಸೆಂಬರಿನಲ್ಲಿ ಮುದ್ರಿತವಾಗಿ ಮರುವರ್ಷ ಹೊರಬಂದ ‘ಎ ಲವ್ ಸುಪ್ರೀಮ್’ ಎಂಬ ಧ್ವನಿಮುದ್ರಿಕೆಯ ಕೊನೆಯ ಭಾಗದಲ್ಲಿ ಅವನ ಸ್ಯಾಕ್ಸೊಫೋನು ನುಡಿಸುವುದು ಅವನೇ ಬರೆದ ಒಂದು ಪ್ರಾರ್ಥನೆಯನ್ನು. ಪ್ರಾರ್ಥನೆಯನ್ನು ತಟ್ಟೆಯ ಹೊದಿಕೆಯ ಮೇಲೆ ಅಚ್ಚುಮಾಡಿದ್ದರು. ಅದನ್ನು ಕೈಯಲ್ಲಿ ಹಿಡಿದು ಕೇಳಿದರೆ ಅಕ್ಷರಕ್ಕೆ ಅಕ್ಷರ, ಸಾಲಿಗೆ ಸಾಲು ವಾದ್ಯ ಓದುತ್ತಾ ಹೋಗುವುದು ಗೊತ್ತಾಗುತ್ತದೆ. ಬಾಯಿಬಿಟ್ಟು ಹೇಳದೆ ಹೇಳುವ ಈ ರೀತಿಯಲ್ಲಿ ಒಂದು ಸಂಕೋಚ, ಒಂದು ವಿನಯ ಉಂಟು. ರುದ್ರೇಶರ ‘ಕನ್ನಡ’ ಆ ವಂಶಕ್ಕೆ ಸೇರಿದ್ದು. ವ್ಯತ್ಯಾಸವಿರುವುದು ಒಂದೆಡೆ. ಕೋಲ್ಟ್ರೇನನ ಪದಗಳು ನಮ್ಮ ಕೈಗೆ ಸಿಗುತ್ತವೆ, ಅವು ದೇವರಿಗೆ ಹೇಳಿದವು. ರುದ್ರೇಶರ ಕೃತಿಯಲ್ಲಿ ಪದಗಳನ್ನು ಬೇಕೆಂದೇ ಹೊರಗಿಟ್ಟಿದ್ದಾರೆ, ಮತ್ತು ಅವು ತಿಳಿಯದೆ ಕೇಳಿದ ನೆರೆಯವನಿಗೆ ಕೊಟ್ಟ ಉತ್ತರ.

ನಮ್ಮ ಸಂಗೀತದಲ್ಲಿ ಇಂಥದು ಇಲ್ಲವೆ ಎಂದು ವಾಚಕರು ಕೇಳಬಹುದು. ಇದೆ, ಬಹಳ ಹತ್ತಿರದಲ್ಲಿಯೇ ಇದೆ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನನ್ನು ಕೇಳದ ಕನ್ನಡಿಗರು ವಿರಳ. ಬಂಟವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿ, ನಾಗಸ್ವರ ನುಡಿಸುವ ತಂದೆಯ ಮನೆಯಲ್ಲಿ ಬೆಳೆದ ಆತ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಪರದೇಶದ ವಾದ್ಯಕ್ಕೆ ಮನಸೋತು, ಅದಕ್ಕೆ ಗಮಕ ಕಲಿಸುವುದಕ್ಕೆ ವರ್ಷಗಟ್ಟಲೆ ದುಡಿದರು. ಗುಂಡಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು ಎಂಬಂತೆ ಕಟ್ಟಿದ ಯಂತ್ರ ಅದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗಬೇಕೆಂದರೆ ವಾದ್ಯವನ್ನೂ ತಿದ್ದಬೇಕು, ತುಟಿಯನ್ನೂ ತಿದ್ದಬೇಕು. ಎರಡನ್ನೂ ತಿದ್ದಿದರು. ಅವರು ಒಂದು ಕೀರ್ತನೆ ನುಡಿಸುತ್ತಿದ್ದರೆ ಸಭೆಯಲ್ಲಿ ಕುಳಿತ ಮುದುಕರ ತುಟಿ ಅಲುಗುತ್ತಿರುತ್ತದೆ. ವಾದ್ಯ ಹೇಳದ ಸಾಹಿತ್ಯವನ್ನು ಕೇಳುವವನು ತನ್ನ ಬಾಯಲ್ಲಿ ತುಂಬಿಕೊಳ್ಳುತ್ತಾನೆ. ಹಾಗೆ ನೋಡಿದರೆ ನಮ್ಮ ವಾದ್ಯಸಂಗೀತವೆಲ್ಲ ಮಾತಿನ ನೆರಳೇ. ಆದರೆ ಯಾವ ಮಾತು? ಬರೆದಿಟ್ಟ, ಹಾಡಿ ಹಾಡಿ ನುಣುಪಾದ, ದೇವರ ಮುಂದಿನ ಮಾತು. ಬಸ್ ನಿಲ್ದಾಣದಲ್ಲಿ ಆಡುವ ಮಾತಿಗೆ ಆ ವೇದಿಕೆಯಲ್ಲಿ ಜಾಗವಿಲ್ಲ. ಇದು ದೂರಲ್ಲ, ಇದ್ದದ್ದನ್ನು ಹೇಳಿದ್ದು.

ಗೋಪಾಲನಾಥರಿಗೂ ಜಾಝಿಗೂ ನಂಟು ಬೆಳೆದದ್ದು 1980ರಲ್ಲಿ, ಮುಂಬಯಿಯ ‘ಜಾಝ್ ಯಾತ್ರಾ’ ಉತ್ಸವದಲ್ಲಿ. ಅಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನು ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸುವುದಾಗಿ ಮುಂದೆ ಬಂದ. ಮುಂದೆ ಒಂದು ದಶಕ ಕಳೆದ ಮೇಲೆ ಅಮೆರಿಕದಲ್ಲಿ ಸಂಗೀತದ ವಿದ್ಯಾರ್ಥಿಯಾಗಿದ್ದ ರುದ್ರೇಶರಿಗೆ ಅವರ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಉಡುಗೊರೆ ಕೊಟ್ಟರಂತೆ. ಅದು ಗೋಪಾಲನಾಥರದು. ಭಾರತೀಯನೊಬ್ಬ ಸ್ಯಾಕ್ಸೊಫೋನು ನುಡಿಸುವುದೇ ಒಂದು ನಗೆಹನಿ ಎಂದು ಅಣ್ಣನಿಗೆ ತೋರಿರಬೇಕು. ತಮ್ಮನಿಗೆ ಅದು ನಗೆಯಾಗಿ ಉಳಿಯಲಿಲ್ಲ. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮನ್’ ಎಂಬ ಧ್ವನಿಮುದ್ರಿಕೆ ತಂದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಅದರಲ್ಲಿವೆ. ಹೆಸರಿನ ಅರ್ಥ ಬಂಧುಗಳು, ದಾಯಾದಿಗಳು ಎಂದರೂ ನಡೆದೀತು. ಎರಡು ಆಲ್ಟೊ ಸ್ಯಾಕ್ಸೊಫೋನುಗಳಲ್ಲಿ ಒಂದು ಜಾರಿ ಬರುತ್ತದೆ, ಇನ್ನೊಂದು ಹಾರಿ ಬರುತ್ತದೆ. ಇದು ಯಾರು, ಅದು ಯಾರು ಎಂದು ಗುರುತಿಸುವುದಕ್ಕೆ ಪಂಡಿತನಾಗಬೇಕಾಗಿಲ್ಲ. ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಬೆಂಗಳೂರಿನ ಇನ್ನೊಂದು ಪ್ರಯತ್ನವನ್ನು ಇಲ್ಲಿ ಮರೆತರೆ ಅನ್ಯಾಯವಾದೀತು. ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಲಾಶಾಲೆ, ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ಹೆಸರಿನಲ್ಲಿ ಯೂರೋಪಿನ ಜಾಝ್ ರಸಿಕರಿಗೆ ನಮಗಿಂತ ಚೆನ್ನಾಗಿ ಪರಿಚಿತ. ಆರ್. ಎ. ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ, ಕೊನ್ನಕ್ಕೋಲು. ಇವುಗಳ ನಡುವೆ ಬಾಸ್ಟನ್ನಿನಲ್ಲಿ ಹುಟ್ಟಿ ಜರ್ಮನಿಯಲ್ಲಿ ನೆಲೆಸಿದ್ದ, ನಾಗಸ್ವರವನ್ನೂ ಅಭ್ಯಾಸ ಮಾಡಿದ್ದ ಚಾರ್ಲಿ ಮಾರಿಯಾನೊ. 1983ರ ‘ಜ್ಯೋತಿ’ ಎಂಬ ಅವರ ಧ್ವನಿಮುದ್ರಿಕೆ ಇಂದಿಗೂ ಹಳಸಿಲ್ಲ. ರಮಾಮಣಿಯವರು ಸ್ವರ ಹಾಡಿದರೆ ಮಾರಿಯಾನೊ ಅದನ್ನು ನಕಲು ಮಾಡುವುದಿಲ್ಲ, ಸ್ವಲ್ಪ ತಡೆದು, ಕೇಳಿಸಿಕೊಂಡೆ ಎನ್ನುವಂತೆ ತನ್ನ ಮಾತನ್ನು ಸೇರಿಸುತ್ತಾನೆ. ಇಲ್ಲಿಯೂ ಬಾಯಿ ಆಡುತ್ತದೆ; ಆದರೆ ಆಡುವುದು ಸರಿಗಮ, ತಕಧಿಮಿ. ಅರ್ಥದ ಭಾರವಿಲ್ಲದ ಅಕ್ಷರಗಳು ಗಡಿ ದಾಟುವುದು ಸುಲಭ, ಸುಂಕದವನು ತಡೆಯುವುದಿಲ್ಲ. ಜಗತ್ತಿನ ಜಾಝ್ ಕಲಾವಿದರು ಕೊನ್ನಕ್ಕೋಲಿಗೆ ಮುಗಿಬಿದ್ದಿರುವುದಕ್ಕೆ ಅದರ ಲಯದ ಲೆಕ್ಕಾಚಾರ ಎಷ್ಟು ಕಾರಣವೋ ಈ ಹಗುರತನವೂ ಅಷ್ಟೇ ಕಾರಣವೆಂದು ನನಗೆ ತೋರುತ್ತದೆ.

ಈ ಎರಡು ದೊಡ್ಡ ಸಾಧನೆಗಳ ಪಕ್ಕದಲ್ಲಿಟ್ಟಾಗ ರುದ್ರೇಶರ ಪುಟ್ಟ ಕೃತಿಯ ವಿಶೇಷ ಎದ್ದುಕಾಣುತ್ತದೆ. ಇಲ್ಲಿ ರಾಗವಿಲ್ಲ, ತಾಳದ ಪಾಂಡಿತ್ಯವಿಲ್ಲ, ಭಕ್ತಿಯಿಲ್ಲ, ತಂಬೂರಿಯ ಶ್ರುತಿಯ ಧೂಪವಿಲ್ಲ. ಇರುವುದು ಆಡುಮಾತು. ಅದೂ ಉಪಾಯವಿಲ್ಲದೆ ಆಡಿದ, ತುಸು ಬೇಸರದ ಮಾತು. ‘ರಾಗ ಎಳೆಯಬೇಡ’ ಎಂದು ನಾವು ಮಕ್ಕಳನ್ನು ಗದರಿಸುತ್ತೇವೆ. ಮಾತಿನಲ್ಲಿ ರಾಗವಿದೆಯೆಂಬುದು ಗದರಿಸುವಾಗ ಮಾತ್ರ ನಮಗೆ ನೆನಪಾಗುತ್ತದೆ. ಆ ರಾಗವನ್ನು ಹೆಕ್ಕಿ ತೆಗೆದು, ಇದು ವಾದ್ಯದ ಮೇಲೆ ಕೂಡಿಸಲು ಯೋಗ್ಯವಾದದ್ದು ಎಂದು ಒಬ್ಬ ತೋರಿಸಬೇಕಾದರೆ ಅವನು ಕನ್ನಡ ನಾಡಿನ ಹೊರಗೆ ಬೆಳೆದವನಾಗಬೇಕಾಯಿತೇನೋ. ಒಳಗಿರುವವರಿಗೆ ಅರ್ಥ ಅಡ್ಡ ಬರುತ್ತದೆ.

ಕೃತಿಯನ್ನು ಮೆಚ್ಚಿ ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಕಳೆದ ವರ್ಷ ನಾನು ಒಂದು ಪರೀಕ್ಷೆ ಮಾಡಿದೆ, ಅದು ನನ್ನ ಮೆಚ್ಚುಗೆಯನ್ನು ಸ್ವಲ್ಪ ಅಲುಗಿಸಿತು. ನಮ್ಮ ಬಿ.ಎ. ತರಗತಿಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಳ್ಳಿಯ ಮಕ್ಕಳಿದ್ದಾರೆ. ವಾಡಿ, ಶಹಾಬಾದಿನಿಂದ ಬರುವ ಸಿಮೆಂಟು ಕಾರ್ಖಾನೆಯವರ, ರೈಲ್ವೆಯವರ ಮಕ್ಕಳೂ ಇದ್ದಾರೆ. ಭಾಷಾವಿಜ್ಞಾನದ ಪಾಠದ ದಿನ, ಹೆಸರು ಹೇಳದೆ ‘ಕನ್ನಡ’, ‘ಗುಜರಾತಿ’, ‘ತಮಿಳು’, ‘ಇಂಗ್ಲಿಷ್’ ಈ ನಾಲ್ಕನ್ನೂ ಕೇಳಿಸಿದೆ. ಇದರಲ್ಲಿ ನಿಮ್ಮ ಭಾಷೆ ಯಾವುದು ಎಂದೆ. ಒಬ್ಬನೂ ಹೇಳಲಿಲ್ಲ. ಹೇಳಿದ ಒಂದಿಬ್ಬರು ‘ತಮಿಳು’ ಕೃತಿಗೆ ಕೈಯೆತ್ತಿದರು. ಇಂಗ್ಲಿಷಿನದನ್ನು ಬೇರೆ ಮಾಡಿದವರು ಕೆಲವರಿದ್ದರು. ಅದೂ ಊಹೆಯೋ ಏನೋ. ಸಾಯಂಕಾಲ ಮನೆಗೆ ಬಂದು ಅವ್ವನಿಗೆ ಕೇಳಿಸಿದೆ. ಆಕೆಗೆ ಜಾಝಿನ ಗೊಡವೆಯಿಲ್ಲ, ಸ್ಯಾಕ್ಸೊಫೋನೆಂದರೆ ಮದುವೆ ಮೆರವಣಿಗೆಯ ಬಾಜಾ. ಸ್ವಲ್ಪ ಹೊತ್ತು ಕೇಳಿ, “ಯಾರಿಗೋ ಜವಾಬ್ ಕೊಡ್ಲಾಕತ್ತಾನ ನೋಡು, ಸಿಟ್ಟಿನಾಗ” ಎಂದಳು. ನನಗೆ ಮೈ ಜುಮ್ಮೆಂದಿತು. ವಿಮರ್ಶಕನಿಗೆ ಇಂಥ ಸಾಕ್ಷಿ ಸಿಕ್ಕರೆ ಸಾಮಾನ್ಯವಾಗಿ ಲೇಖನವನ್ನು ಅಲ್ಲಿಗೆ ಮುಗಿಸುತ್ತಾನೆ. ನಾನು ಅವಿವೇಕಿ, ‘ಗುಜರಾತಿ’ಯನ್ನೂ ಕೇಳಿಸಿದೆ. “ಇವನೂ ಅದೇ ಮಾಡ್ಲಾಕತ್ತಾನ” ಎಂದು ಎದ್ದು ಒಲೆಯ ಕಡೆಗೆ ಹೋದಳು.

ಹಾಗಾದರೆ ಈ ಕೃತಿ ಹಿಡಿದಿರುವುದು ಕನ್ನಡವನ್ನೋ, ಉತ್ತರ ಕೊಡುವ ಮನುಷ್ಯನನ್ನೋ? ಇಂಗ್ಲಿಷಿನವನು ‘ನೋ’ ಎಂಬುದನ್ನು ಮೊದಲೇ ಮುಖಕ್ಕೆ ಹೊಡೆದು ಆಮೇಲೆ ವಿವರಿಸಬಲ್ಲ. ನಮ್ಮ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದು. ಕನ್ನಡದಲ್ಲಂತೂ ‘ಬರುವುದಿಲ್ಲ’ ಎಂಬುದರ ‘ಇಲ್ಲ’ ವಾಕ್ಯದ ತುದಿಯಲ್ಲಿ ಕುಳಿತಿರುತ್ತದೆ, ಅಲ್ಲಿಯವರೆಗೂ ಕೇಳುವವನು ಕಾಯಬೇಕು. ಭಾರತದ ಈ ಭಾಷೆಗಳ ಧಾಟಿ ಅಕ್ಕತಂಗಿಯರಂತೆ ಕೇಳಿಸುವುದಕ್ಕೆ ಇದೊಂದು ಕಾರಣವಾಗಿರಬಹುದು. ಇನ್ನೊಂದು ಕಾರಣ ಸಂಗೀತದ್ದೇ. ಮಾತು ಸ್ವರದಿಂದ ಸ್ವರಕ್ಕೆ ಮೆಟ್ಟಿಲೇರುವುದಿಲ್ಲ, ಇಳಿಜಾರಿನಲ್ಲಿ ಹರಿಯುತ್ತದೆ. ಅದನ್ನು ಪಾಶ್ಚಾತ್ಯ ಲಿಪಿಯಲ್ಲಿ ಬರೆದುಕೊಳ್ಳುವಾಗ ಹನ್ನೆರಡು ಮನೆಗಳಲ್ಲಿ ಯಾವುದೋ ಒಂದಕ್ಕೆ ತಳ್ಳಲೇಬೇಕು. ಸ್ಯಾಕ್ಸೊಫೋನು ಒಂದಿಷ್ಟು ಬಾಗೀತು, ಪಿಯಾನೊ ಬಾಗುವುದಿಲ್ಲ. ಪಿಯಾನೊ ಜೊತೆಗೂಡಿದೊಡನೆ ಮಾತಿನ ಇಳಿಜಾರಿಗೆ ಕಲ್ಲಿನ ಪಾವಟಿಗೆ ಕಟ್ಟಿದಂತಾಗುತ್ತದೆ. ಹತ್ತಲು ಅನುಕೂಲ, ಆದರೆ ನೀರು ಹರಿದ ಗುರುತು ಮುಚ್ಚಿಹೋಗುತ್ತದೆ. ಗೋಪಾಲನಾಥರು ವರ್ಷಗಟ್ಟಲೆ ಸಾಧಿಸಿದ ಜಾರುವಿಕೆ ಈ ಕೃತಿಗೆ ಬೇಕಾಗಿತ್ತು. ‘ಕಿನ್ಸ್‌ಮನ್’ ಬಂದದ್ದು ಇದಾದ ನಾಲ್ಕು ವರ್ಷಗಳಿಗೆ. ಅದರಲ್ಲಿ ಜಾರುವಿಕೆ ಇದೆ, ಆದರೆ ಮನೆಮಾತು ಹಿಂದೆ ಸರಿದಿದೆ. ಎರಡೂ ಒಂದೇ ಕಡೆ ಕೂಡಿದ್ದರೆ ಎಂದು ಆಸೆಪಡುವುದು ವಿಮರ್ಶೆಯಲ್ಲ, ಆದರೂ ಆಸೆಪಟ್ಟಿದ್ದೇನೆ.

ನಮ್ಮಲ್ಲಿ ಮಾತು ಹಾಡಾದ ದೊಡ್ಡ ಉದಾಹರಣೆ ವಚನ. ಮಲ್ಲಿಕಾರ್ಜುನ ಮನಸೂರರು ವಚನ ಹಾಡುವಾಗ ಎಲ್ಲೋ ಒಂದೆಡೆ ರಾಗವನ್ನು ಕೈಬಿಟ್ಟು ಶಬ್ದದ ಧಾಟಿಗೇ ಶರಣಾದಂತೆ ತೋರುತ್ತದೆ, ಮರುಕ್ಷಣ ಮತ್ತೆ ರಾಗದ ದಂಡೆಗೆ ಬರುತ್ತಾರೆ. ಆ ಒಂದು ಕ್ಷಣ ಇಡೀ ಹಾಡಿನ ಜೀವ. ‘ಕನ್ನಡ’ ಕೃತಿ ಆ ಕ್ಷಣದಲ್ಲೇ ಮನೆ ಕಟ್ಟಿಕೊಂಡು ಕೂರಲು ಹವಣಿಸುತ್ತದೆ. ಕಷ್ಟದ ಕೆಲಸ, ಪೂರ್ತಿ ಗೆದ್ದಿಲ್ಲ.

ಆದರೆ ತರಗತಿಯ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಹೆಸರುಗಳನ್ನು ಹೇಳಿದ ಮೇಲೆ ಚಿಂಚೋಳಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಯಾವ ಕನ್ನಡ ಸರ್ ಅದು?” ಎಂದು ಕೇಳಿದಳು. ಪ್ರಶ್ನೆ ಸರಳವಾಗಿತ್ತು, ನನ್ನ ಹತ್ತಿರ ಜವಾಬಿರಲಿಲ್ಲ. ಹೀಗಾಗಿ ಮಕ್ಕಳಿಗೇ ಕೆಲಸ ಹಚ್ಚಿದೆ. “ಇಲ್ರಿ, ಅಂಥಾ ಭಾಷಾನೇ ಇಲ್ಲ, ನಮ್ದು ಕನ್ನಡ ಅದ” ಎಂಬಷ್ಟನ್ನು ಅವರವರ ಊರಿನವರು ಹೇಳುವಂತೆ ಹೇಳಿರೆಂದೆ. ತೆಲಂಗಾಣದ ಗಡಿಯಂಚಿನ ಹಳ್ಳಿಯವರ ವಾಕ್ಯ ತುದಿಯಲ್ಲಿ ತೆಲುಗಿನಂತೆ ಎಳೆದು ನಿಂತಿತು. ಶಹಾಬಾದಿನ ಹುಡುಗನ ಮಾತಿನಲ್ಲಿ ದಖನಿ ಉರ್ದುವಿನ ಬೀಸು ಇತ್ತು, ‘ಅದ’ ಎಂಬುದು ಬೆನ್ನು ತಟ್ಟಿ ಹೇಳಿದಂತೆ ಬಂತು. ಚಿತ್ತಾಪುರದವರದು ಗಟ್ಟಿ, ಚುಟುಕು. ವಾಡಿಯಲ್ಲಿ ಮುಂಬಯಿ, ಮದ್ರಾಸು, ಹೈದರಾಬಾದುಗಳ ರೈಲುದಾರಿಗಳು ಕೂಡುತ್ತವೆ; ಅಲ್ಲಿಯ ಹುಡುಗಿ ಎರಡು ರೀತಿ ಹೇಳಿ, ಒಂದು ಮನೆಯದು, ಒಂದು ಸ್ಟೇಷನ್ನಿನದು ಎಂದಳು. ಒಂದೇ ವಾಕ್ಯ, ಐವತ್ತು ಮೈಲಿನೊಳಗೆ ಇಷ್ಟು ಮಟ್ಟು.

ಇದನ್ನು ನಾವು ಹೊಸದಾಗಿ ಕಂಡುಹಿಡಿದೆವೆಂದು ಬೀಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಡದಲ್ಲಿ ಇಂದು ಕೋಟೆಯ ಗೋಡೆಗಳಾಗಿ ಉಳಿದಿರುವ ಊರು, ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಯ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಕನ್ನಡವನ್ನು ಏಕವಚನದಲ್ಲಿ ಹೇಳಿ ಸುಮ್ಮನಾಗುವುದಿಲ್ಲ. ‘ಕನ್ನಡಗಳು’ ಎಂದು ಬಹುವಚನದಲ್ಲಿಯೂ ಹೇಳುತ್ತದೆ. ದೇಸಿ ಬೇರೆಬೇರೆಯಾಗಿರುವುದರಿಂದ ಈ ಕನ್ನಡಗಳ ದೋಷಗಳನ್ನು ಎಣಿಸಹೊರಟರೆ ಸಾವಿರ ಹೆಡೆಯ ವಾಸುಕಿಗೂ ಬೇಸರವಾದೀತು ಎಂಬುದು ಅದರ ಅಭಿಪ್ರಾಯ. ತಮಾಷೆಯೆಂದರೆ, ನಮ್ಮ ಊರಿನಲ್ಲಿ ಕುಳಿತು ಬರೆದ ಆ ಗ್ರಂಥವೇ ತಿರುಳ್ಗನ್ನಡದ ನಾಡನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸಿತು. ರಾಜಧಾನಿಯ ಕನ್ನಡ ತಿರುಳಲ್ಲ! ಶುದ್ಧ ಕನ್ನಡ ಬೇರೆ ಕಡೆ ಇದೆಯೆಂದು ನಮಗೆ ಹೇಳುತ್ತಾ ಬಂದು ಸಾವಿರದ ನೂರು ವರ್ಷಗಳ ಮೇಲಾಯಿತು.

ನಿಜಾಮನ ಕಾಲದಲ್ಲಿ ನನ್ನ ಅಜ್ಜ ಓದಿದ್ದು ಉರ್ದು ಶಾಲೆಯಲ್ಲಿ. 1948ರವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನ, 1956ರಲ್ಲಷ್ಟೇ ಕನ್ನಡ ರಾಜ್ಯದ ಒಳಗೆ ಬಂತು. ಅಜ್ಜ ಲೆಕ್ಕ ಬರೆಯುತ್ತಿದ್ದುದು ಉರ್ದುವಿನಲ್ಲಿ, ಬೈಯುತ್ತಿದ್ದುದು ಕನ್ನಡದಲ್ಲಿ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ವಿಚಾರ ಸಂಕಿರಣದಲ್ಲಿ ನಾನು ಪ್ರಬಂಧ ಓದಿ ಕೆಳಗಿಳಿದಾಗ, ಹಿರಿಯರೊಬ್ಬರು ಬಹಳ ವಿಶ್ವಾಸದಿಂದ, “ಕನ್ನಡ ಚೆನ್ನಾಗಿ ಕಲಿತಿದ್ದೀರಿ, ಮನೆಯಲ್ಲಿ ತೆಲುಗೋ?” ಎಂದು ಕೇಳಿದರು. ಇಲ್ಲ ಸಾರ್, ಕನ್ನಡವೇ ಎಂದೆ. ಆ ಉತ್ತರ ಹೇಳುವಾಗ ನನ್ನ ದನಿ ಎಷ್ಟು ಏರಿತ್ತು, ಎಲ್ಲಿ ಒಡೆಯಿತು ಎಂಬುದು ನನಗೆ ಗೊತ್ತಿಲ್ಲ. ‘ಕನ್ನಡ’ ಕೃತಿಯನ್ನು ಕೇಳಿದಾಗ ಗೊತ್ತಾದಂತಾಯಿತು. ಬೌಲ್ಡರಿನ ಹುಡುಗನಿಗೂ ಸೇಡಂನ ಮೇಷ್ಟರಿಗೂ ಬಂದ ಪ್ರಶ್ನೆ ಒಂದೇ ಜಾತಿಯದು. ಆದ್ದರಿಂದ ಅವ್ವ ಹೇಳಿದ ಎರಡನೆಯ ಮಾತು ಕೃತಿಯ ಸೋಲೆಂದು ಮೊದಲು ಭಾವಿಸಿದ್ದ ನಾನು ಈಗ ಅಷ್ಟು ಖಚಿತವಾಗಿ ಹೇಳಲಾರೆ. ಕನ್ನಡದವನೂ ಗುಜರಾತಿಯವನೂ ‘ಅದೇ ಮಾಡುತ್ತಿದ್ದಾರೆ’ ಎಂಬುದು ಕಿವಿಗೆ ಬಿದ್ದರೆ, ಅದು ಕಲಾವಿದನ ಉದ್ದೇಶದ ಹತ್ತಿರವೇ ಇದೆ. ಆಕ್ಷೇಪಣೆ ಉಳಿಯುವುದು ಹೆಸರಿಗೆ ಸಂಬಂಧಿಸಿ. ಒಬ್ಬರ ಬಾಯಿಯ ಒಂದು ಉತ್ತರಕ್ಕೆ ‘ಕನ್ನಡ’ ಎಂದು ಇಡೀ ಭಾಷೆಯ ಹೆಸರಿಟ್ಟದ್ದು, ಅಮೆರಿಕದ ಕೇಳುಗನಿಗೆ ಬೇಕಾದ ಪಾಠವಾದರೂ, ನಮ್ಮ ಕಿವಿಗೆ ‘ಇಂಡಿಯನ್’ ಎಂಬ ಪ್ರಶ್ನೆಯ ಚಿಕ್ಕ ತಮ್ಮನಂತೆಯೇ ಕೇಳಿಸುತ್ತದೆ.

ಇದೇ ವಲಸೆಯ ವಸ್ತುವನ್ನು ಬೇರೊಂದು ದಾರಿಯಿಂದ ಹಿಡಿದವರಿದ್ದಾರೆ. ಇಂಗ್ಲೆಂಡಿನಲ್ಲಿ 1980ರ ದಶಕದ ಕೊನೆಯಿಂದ ‘ಡೌನ್‌ಟೆಂಪೊ’ ಎಂಬ ಇಳಿಗತಿಯ ಸಂಗೀತ ಬೆಳೆಯಿತು. ರಾತ್ರಿಯಿಡೀ ಕುಣಿದವರು ದಣಿವಾರಿಸಿಕೊಳ್ಳಲೆಂದು ಹುಟ್ಟಿದ್ದು, ಆಮೇಲೆ ಮನೆಯೊಳಗೆ ಬಂತು. ಬ್ರಿಸ್ಟಲ್ಲಿನ ‘ಮ್ಯಾಸಿವ್ ಅಟ್ಯಾಕ್’ ತಂಡದ 1991ರ ‘ಬ್ಲೂ ಲೈನ್ಸ್’ ಅದರ ಹೆಗ್ಗುರುತುಗಳಲ್ಲೊಂದು. ಯಂತ್ರದ ನಿಧಾನದ ತಾಳ, ಜಾಝಿನ ಹಳೆಯ ತಟ್ಟೆಗಳಿಂದ ಕತ್ತರಿಸಿ ತಂದ ತುಣುಕು, ಮೇಲೆ ಯಾರದೋ ದನಿ. ಈ ಬಗೆಯಲ್ಲಿ ಬಹುಪಾಲು ಇಂದು ಕಾಫಿ ಅಂಗಡಿಯ ಗೋಡೆಯ ಬಣ್ಣದಂತಾಗಿದೆ. ಸಂಸ್ಕೃತದ ಒಂದು ಶ್ಲೋಕ, ಸಾರಂಗಿಯ ಒಂದೆಳೆ ಸೇರಿಸಿದರೆ ಪೂರ್ವದೇಶದ ಪರಿಮಳವಾಯಿತು. ಮೊದಲೇ ಹೇಳಿದ ಧೂಪ ಇದೇ. ಆದರೆ ನಿತಿನ್ ಸಾಹ್ನಿಯವರ 1999ರ ‘ಬಿಯಾಂಡ್ ಸ್ಕಿನ್’ ಆ ಸಾಲಿಗೆ ಸೇರಿದ್ದಲ್ಲ. ಇಂಗ್ಲೆಂಡಿಗೆ ವಲಸೆ ಬಂದ ತನ್ನ ಹೆತ್ತವರ ದನಿಯನ್ನೇ ಅವರು ಸಂಗೀತದೊಳಗೆ ಇಟ್ಟರು. ಅಲ್ಲಿ ದನಿಯ ನಡುಕ ನಡುಕವಾಗಿಯೇ ಉಳಿಯುತ್ತದೆ, ಯಾವ ಸ್ವರಕ್ಕೂ ತಳ್ಳಿಸಿಕೊಳ್ಳದೆ. ಮಾತು ಇದ್ದಲ್ಲೇ ಇದ್ದು, ಸಂಗೀತ ಅದರ ಸುತ್ತ ಚಾಪೆ ಹಾಸುತ್ತದೆ. ರುದ್ರೇಶರಲ್ಲಿ ಮಾತೇ ಸಂಗೀತವಾಗಲು ಹೊರಟು, ದಾರಿಯಲ್ಲಿ ಮಾತಾಡಿದವರನ್ನು ಕಳೆದುಕೊಳ್ಳುತ್ತದೆ. ಮೊದಲನೆಯದನ್ನು ಕೇಳಿದಾಗ ಕಣ್ಣು ತುಂಬುವುದು ಸುಲಭ. ಎರಡನೆಯದನ್ನು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ನನಗೆ ಎರಡನೆಯದು ಹೆಚ್ಚಿನ ಸಾಹಸವೆಂದು ತೋರಿದರೆ, ಅದಕ್ಕೆ ನನ್ನ ಭಾಷೆಯ ಹೆಸರು ಅದರ ಮೇಲಿದೆಯೆಂಬ ಪಕ್ಷಪಾತವೂ ಸೇರಿರಬಹುದು. ವಾಚಕರು ಅಷ್ಟನ್ನು ಕಳೆದು ಎಣಿಸಿಕೊಳ್ಳಲಿ.

ಆ ಚಿಂಚೋಳಿಯ ಹುಡುಗಿ ಮರುವಾರ ತನ್ನ ಅಜ್ಜಿಯ ಮಾತನ್ನು ಫೋನಿನಲ್ಲಿ ಹಿಡಿದು ತಂದಳು. ಮೊಮ್ಮಗಳು “ನಿಂದು ಯಾವ ಭಾಷಾ?” ಎಂದು ಕೇಳಿದ್ದಕ್ಕೆ ಅಜ್ಜಿ ಅರ್ಧ ತೆಲುಗಿನಲ್ಲಿ ನಕ್ಕು, ಅರ್ಧ ಕನ್ನಡದಲ್ಲಿ ಬೈದಿದ್ದಳು. ಇದನ್ನೂ ಸ್ವರದಲ್ಲಿ ಹಿಡಿಯಬಹುದೇ ನೋಡೋಣವೆಂದು, ನಮ್ಮೂರಿನ ಭಜನಾ ಮೇಳದಲ್ಲಿ ತತ್ವಪದಗಳಿಗೆ ಪೇಟಿ ಬಾರಿಸುವವರೊಬ್ಬರ ಮನೆಗೆ ಹೋದೆ. ಅವರು ಮೂರು ಸಲ ಕೇಳಿಸಿಕೊಂಡರು. ಪೇಟಿಯ ತಿದಿ ಒತ್ತಿ, ಕಪ್ಪು ಮನೆ ಬಿಳಿ ಮನೆಗಳ ಮೇಲೆ ಅಜ್ಜಿಯನ್ನು ಹುಡುಕಿದರು. ಮೊದಲ ನಾಲ್ಕು ಸ್ವರ ಸಿಕ್ಕವು.

“ಇದು ಪೇಟಿಗೆ ಬರಂಗಿಲ್ರಿ ಸರ, ಎರಡು ಮನಿ ನಡುವ ಕುಂತದ” ಎಂದರು. ಆಮೇಲೆ ತಿದಿ ಮುಚ್ಚಿ, ಬಾಯಲ್ಲಿ ಹೇಳಿ ತೋರಿಸಿದರು.